ಫೋನಿನೊಳಗಿನ ಹಾಡು

ಲೋ ಗೆಳೆಯ,

ಮೊನ್ನೆ ರಾತ್ರಿ ನಿದ್ದೆ ಹತ್ತಲಿಲ್ಲ. ಕೊನೆಗೂ ದೇ ಮೈಟ್ ಬಿ ಜೈಂಟ್ಸ್ ಅವರ ಮೊದಲ ಆಲ್ಬಮ್ ಹಾಕಿಕೊಂಡೆ. ಬ್ಯಾಂಡಿನ ಹೆಸರೇ ಆಲ್ಬಮ್ಮಿಗೂ, 1986ರದ್ದು. ನೀನು ವರ್ಷಗಟ್ಟಲೆ 'ಕೇಳೋ, ಕೇಳೋ' ಅಂತ ಬೆನ್ನು ಹತ್ತಿದ್ದೆಯಲ್ಲ, ಅದೇ.

19 ಹಾಡು ಕಣೋ, ಒಟ್ಟು 40 ನಿಮಿಷವೂ ಇಲ್ಲ! ಒಂದು ಹಾಡಂತೂ ಅರ್ಧ ನಿಮಿಷದೊಳಗೇ ಮುಗಿದುಹೋಗುತ್ತದೆ. ಆಗ ಬ್ಯಾಂಡ್ ಅಂದರೆ ಇಬ್ಬರೇ, ಇಬ್ಬರ ಹೆಸರೂ ಜಾನ್. ಲಿನೆಲ್ ಅಕಾರ್ಡಿಯನ್ ಹಿಡಿದಿದ್ದಾನೆ, ಫ್ಲ್ಯಾನ್ಸ್‌ಬರ್ಗ್ ಗಿಟಾರ್. ತಾಳಕ್ಕೆ ಡ್ರಮ್ ಮೆಷಿನ್. ದನಿ ಕುಣಿಯುತ್ತಿರುತ್ತದೆ, ಮಾತು ಮಾತ್ರ ಎಲ್ಲೋ ಒಳಗೆ ಚುಚ್ಚುತ್ತದೆ. ನಗುತ್ತಾ ಕೇಳುತ್ತಿದ್ದವನು ಯಾವಾಗ ಸುಮ್ಮನಾದೆನೋ ಗೊತ್ತಾಗಲಿಲ್ಲ.

ಆಮೇಲೆ ಅವರ ಕಥೆ ಓದುತ್ತಾ ಕೂತೆ. ಅವರು ಒಂದೇ ಊರಿನಲ್ಲಿ ಬೆಳೆದವರು, ಆಮೇಲೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದೇ ಕಟ್ಟಡದಲ್ಲಿ ಮನೆ ಮಾಡಿದವರು. ಲಿನೆಲ್ ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಫ್ಲ್ಯಾನ್ಸ್‌ಬರ್ಗ್ ಮನೆಗೆ ಕಳ್ಳರು ನುಗ್ಗಿದರು. ಸ್ಟೇಜ್ ಹತ್ತುವ ಹಾಗಿಲ್ಲ. ಆಗ ಫೋನಿನ ಆನ್ಸರಿಂಗ್ ಮೆಷಿನ್ನಿಗೆ ಹಾಡು ತುಂಬಿಸಿಟ್ಟರು. ಡಯಲ್-ಎ-ಸಾಂಗ್ ಅಂತ ಹೆಸರು. ಯಾರು ಬೇಕಾದರೂ ಆ ನಂಬರಿಗೆ ಫೋನ್ ಮಾಡಿ ಹಾಡು ಕೇಳಬಹುದಿತ್ತು. ಆದರೆ ಒಂದು ಸಲಕ್ಕೆ ಒಬ್ಬರೇ. ಲೈನ್ ಬಿಜಿ ಇದ್ದರೆ ಕಾಯಬೇಕು.

ಒಂದು ಸಲಕ್ಕೆ ಒಬ್ಬರು. ಇದು ತಲೆಯೊಳಗೆ ಕೂತುಬಿಟ್ಟಿತು. ಅತ್ತ ಯಾರೋ ಒಬ್ಬರು ರಿಸೀವರ್ ಕಿವಿಗೆ ಒತ್ತಿಕೊಂಡು ನಿಂತಿರುತ್ತಾರೆ, ಆ ಹೊತ್ತಿಗೆ ಹಾಡು ಪೂರ್ತಿ ಅವರದೇ.

ಇಲ್ಲಿಗೇ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆಗುತ್ತಿಲ್ಲ. ಎಂಟು ತಿಂಗಳ ಹಿಂದೆ ನೀನು ನನಗೊಂದು ಹಾಡು ಕಳಿಸಿದ್ದೆ. ನೀನೇ ಕಟ್ಟಿದ್ದು, ನಾಲ್ಕು ನಿಮಿಷದ್ದು. 'ಚೆನ್ನಾಗಿದೆ ಕಣೋ, ಎರಡು ಸಲ ಕೇಳಿದೆ' ಅಂತ ಬರೆದೆ. ಕೇಳಿರಲಿಲ್ಲ. ಅದನ್ನು ತೆರೆದೇ ಇರಲಿಲ್ಲ. ನಾನು ಹಾಡು ಕಟ್ಟುವುದನ್ನು ಬಿಟ್ಟೆ, ನೀನು ಬಿಡಲಿಲ್ಲ. ನಿನ್ನ ದನಿ ಕೇಳಿದರೆ ಅದು ಎದುರಿಗೆ ಬಂದು ನಿಲ್ಲುತ್ತಿತ್ತು. ಅದಕ್ಕೇ ಹೆದರಿದೆ. ನೀನು ಮರುದಿನ 'ಥ್ಯಾಂಕ್ಸ್ ಕಣೋ' ಅಂದೆ. ಆ ಥ್ಯಾಂಕ್ಸ್ ಇವತ್ತಿಗೂ ಸುಡುತ್ತದೆ.

ಮೊನ್ನೆ ಆಲ್ಬಮ್ ಮುಗಿದ ಮೇಲೆ ನಿನ್ನ ಹಾಡು ಕೇಳಿದೆ. ಎರಡನೇ ಚರಣದಲ್ಲಿ ನನ್ನ ಹೆಸರಿದೆ ಅಂತ ನೀನು ಯಾಕೋ ಒಮ್ಮೆಯೂ ಹೇಳಲಿಲ್ಲ?

ಸರಿ, ಇಷ್ಟೆಲ್ಲ ಎಲ್ಲರ ಮುಂದೆ ಹೇಳಬೇಕು ಅಂತಿರಲಿಲ್ಲ. ಅಕಾರ್ಡಿಯನ್ ಬೇಕು ಅಂತಿದ್ದೆಯಲ್ಲ, ಸಿಕ್ಕಿತಾ? ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ. ಲೈನ್ ಬಿಜಿ ಇದ್ದರೆ ಕಾಯುತ್ತೇನೆ.

ನಿನ್ನ
ಎರಡನೇ ಚರಣದವನು