ನಾಲ್ಕು ಸಾವಿರ ಸಾಲಿನ ಕೋಡ್ ಬಂದಾಗ

ಗಂಗಾವತಿ

ಚಿ. ಪುಟ್ಟವ್ವನಿಗೆ ಕಾಕಾನ ಆಶೀರ್ವಾದ.

ನಿನ್ನ ಮೆಸೇಜ್ ರಾತ್ರಿಯೇ ಓದಿದೆ. ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸುವ ನಿನ್ನ ಪ್ರಾಜೆಕ್ಟಿಗೆ ಯಾರೋ ಒಂದೇ ಸಲಕ್ಕೆ ನಾಲ್ಕು ಸಾವಿರ ಸಾಲಿನ ಪುಲ್ ರಿಕ್ವೆಸ್ಟ್, ಅಂದರೆ ಸೇರಿಸಿಕೊಳ್ಳಿ ಅಂತ ಕೋರುವ ಕೋಡ್ ಬದಲಾವಣೆ, ಕಳಿಸಿದ್ದಾರೆ. ಅಷ್ಟು ಕಷ್ಟಪಟ್ಟವರಿಗೆ ಬೇಡ ಅನ್ನುವುದು ಹೇಗೆ ಅಂತ ಕೇಳಿದ್ದೀಯ.

ದಾಕ್ಷಿಣ್ಯಕ್ಕೆ ಬಿದ್ದು ಮರ್ಜ್ ಮಾಡಬೇಡ. ನಾನು ಹಿಂದೆ ಅದನ್ನೇ ಮಾಡಿದ್ದೆ. ಟೆಸ್ಟ್ ಎಲ್ಲ ಪಾಸಾಗಿವೆ, ಸಾಕಲ್ವಾ ಅಂದುಕೊಂಡು ಪೂರ್ತಿ ಓದದೆ ಸೇರಿಸಿಕೊಂಡೆ. ಬರೆದವರು ಎರಡು ತಿಂಗಳಲ್ಲಿ ಬೇರೆ ಕೆಲಸದಲ್ಲಿ ಮುಳುಗಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಬಗ್ ಬಂದಾಗಲೆಲ್ಲ ಜನ ನನ್ನನ್ನೇ ಕೇಳುತ್ತಿದ್ದರು. ಆ ಕೋಡ್ ಅರ್ಥ ಮಾಡಿಕೊಳ್ಳುವುದರಲ್ಲೇ ಒಂದು ವರ್ಷ ಹೋಯಿತು. ಈಗಂತೂ ಎಐ ಹತ್ತಿರ ಬರೆಸಿ ಒಂದೇ ಸಂಜೆಯಲ್ಲಿ ಅಷ್ಟು ಸಾಲು ಕಳಿಸಬಹುದು. ಓದಬೇಕಾದವಳು ನೀನೊಬ್ಬಳೇ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದದ್ದು ನೆನಪಿದೆಯಾ? ಎಡದಂಡೆ ಕಾಲುವೆ ನಂಬಿದ ನಮ್ಮ ಊರಿನಲ್ಲಿ ಆ ವಾರ ಯಾರಿಗೂ ನಿದ್ದೆ ಇರಲಿಲ್ಲ. ಕೊನೆಗೆ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿದರು. ಐದು ತುಂಡು. ಒಂದು ಸರಿಯಾಗಿ ಕೂತಮೇಲೆ ಅದರ ಮೇಲೆ ಇನ್ನೊಂದು. ನಿನ್ನ ಕೋಡನ್ನೂ ಜನ ದಿನಾ ಬಳಸುತ್ತಿದ್ದಾರೆ, ನಿಲ್ಲಿಸಿ ರಿಪೇರಿ ಮಾಡುವಂತಿಲ್ಲ.

ಹಾಗಾಗಿ ಅವರನ್ನೇ ತುಂಡು ಮಾಡಿಕೊಡಲು ಕೇಳು. ಒಂದು ತುಂಡಿನಲ್ಲಿ ಒಂದೇ ಕೆಲಸ ಇರಲಿ. ಪ್ರತಿ ತುಂಡು ಸೇರಿಸಿದ ಮೇಲೂ ಟೆಸ್ಟ್ ಪಾಸಾಗಬೇಕು. ಮುಂದೆ ಏನಾದರೂ ಕೆಟ್ಟರೆ ಬದಲಾವಣೆಗಳನ್ನು ಕಮಿಟ್‌ಗಳಾಗಿ ದಾಖಲಿಸುವ ಗಿಟ್‌ನಲ್ಲಿ ಬೈಸೆಕ್ಟ್ ಆಜ್ಞೆ ಹಾಕಿ ಯಾವ ಕಮಿಟ್‌ನಿಂದ ಕೆಟ್ಟಿತು ಅಂತ ಹಿಡಿಯಬಹುದು. ಎಲ್ಲ ಒಂದೇ ಕಮಿಟ್ ಆಗಿದ್ದರೆ ಬೈಸೆಕ್ಟ್ ಆ ನಾಲ್ಕು ಸಾವಿರ ಸಾಲನ್ನೇ ತೋರಿಸಿ ಸುಮ್ಮನಾಗುತ್ತದೆ.

ಸ್ಪೇಸ್ ಸರಿಮಾಡಿದ್ದು, ಹೆಸರು ಬದಲಿಸಿದ್ದು ಬೇರೆಯಾಗಿಯೇ ಬರಲಿ. ಅರ್ಕಾವತ್ತಿನ ವಿಷಯ ನಿನಗೇ ಗೊತ್ತಲ್ಲ. ಹಳೆಯ ನುಡಿ ಫೈಲಿನಲ್ಲಿ ಅದು ಅಕ್ಷರದ ನಂತರ ಇರುತ್ತದೆ, ಯೂನಿಕೋಡ್‌ನಲ್ಲಿ ಮೊದಲೇ ಬರಬೇಕು. ಅದನ್ನು ಹಿಂದೆಮುಂದೆ ಮಾಡುವ ಎರಡು ಸಾಲು ಸ್ಪೇಸ್ ಬದಲಾವಣೆಗಳ ರಾಶಿಯಲ್ಲಿ ಹುದುಗಿದ್ದರೆ ನಿನ್ನ ಕಣ್ಣಿಗೆ ಬೀಳುತ್ತದಾ? ಅಲ್ಲಿ ತಪ್ಪಾದರೆ ಕರ್ನಾಟಕ ಅನ್ನುವ ಪದವೇ ಒಡೆಯುತ್ತದೆ.

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನಲ್ಲಿ ರಿಯಲ್ ಟೈಮ್ ಕೆಲಸ (ನಿಗದಿತ ಸಮಯದೊಳಗೆ ಖಚಿತವಾಗಿ ಸ್ಪಂದಿಸುವಂತೆ ಮಾಡುವ ಕೋಡ್) ಹೀಗೇ ಸ್ವಲ್ಪ ಸ್ವಲ್ಪವಾಗಿ ಒಳಗೆ ಹೋಯಿತು. ಸುಮಾರು 20 ವರ್ಷ ಹಿಡಿದು 2024ರ ಸೆಪ್ಟೆಂಬರ್‌ನಲ್ಲಿ ಮುಖ್ಯ ಕರ್ನಲ್ ಸೇರಿತು. ಕಳಿಸಿದವರು ಸಣ್ಣವರೇನಲ್ಲ, ಆದರೂ ತುಂಡು ಮಾಡಿಯೇ ಕೊಟ್ಟರು.

ಉತ್ತರ ಮಾತ್ರ ಇವತ್ತೇ ಬರೆ. ವಾರಗಟ್ಟಲೆ ಸುಮ್ನೆ ಬಿಟ್ಟರೆ ಅವರಿಗೆ ಜಾಸ್ತಿ ಬೇಜಾರು. ಅವರ ಕೆಲಸದಲ್ಲಿ ನಿನಗೆ ಹಿಡಿಸಿದ್ದನ್ನು ಮೊದಲು ಹೇಳು, ಆಮೇಲೆ ಯಾವ ತುಂಡಿನಿಂದ ಶುರುಮಾಡಬೇಕು ಅಂತ ನೀನೇ ತೋರಿಸು. ದೊಡ್ಡ ಬದಲಾವಣೆ ಇದ್ದರೆ ಕೋಡ್ ಬರೆಯುವ ಮುಂಚೆ ಇಶ್ಯೂ (ಚರ್ಚೆಯ ಪುಟ) ತೆರೆದು ಮಾತಾಡಿ ಅಂತ ಪ್ರಾಜೆಕ್ಟಿನ ಪರಿಚಯದ ಫೈಲು ರೀಡ್‌ಮಿಯಲ್ಲಿ ಒಂದು ಸಾಲು ಸೇರಿಸು.

ಮೊದಲ ತುಂಡು ಬಂದ ದಿನ ಲಿಂಕ್ ಕಳಿಸು, ನಾನೂ ಕೂತು ಓದುತ್ತೇನೆ. ಚಿಗವ್ವ ನಿನ್ನನ್ನು ಕೇಳಿದಳು.

ನಿನ್ನ ಕಾಕಾ