ಪ್ಲಗ್ ಹಿಡಿದು ಕೂತ ಹುಡುಗ

ಶಾಲೆಗಳ ಸಂಗೀತ ಸ್ಪರ್ಧೆಯಲ್ಲಿ ನಮ್ಮ ಮಕ್ಕಳಿಗೆ ಮೂರನೇ ಬಹುಮಾನ ಬಂದಿದೆ. 14 ಶಾಲೆಗಳ ಪೈಕಿ. ಶನಿವಾರ ರಾತ್ರಿಯಿಂದ ನನ್ನ ಫೋನ್ ಸುಮ್ಮನಿಲ್ಲ. "ಟೀಚರ್, ನಿಮ್ಮ ಬ್ಯಾಂಡ್ ಸೂಪರ್" ಅಂತ ಒಂದೇ ಸಮ ಮೆಸೇಜು. ನನ್ನ ಬ್ಯಾಂಡ್ ಏನೂ ಅಲ್ಲ ಸ್ವಾಮಿ. ನಾನು ಗಣಿತ ಕಲಿಸುವವಳು. ಹಾಡಲು ಬರುವುದಿಲ್ಲ, ತಾಳ ಹಾಕಿದರೆ ಮೂರನೇ ಪೆಟ್ಟಿಗೇ ತಪ್ಪುತ್ತದೆ. ಸಂಗೀತದ ಟೀಚರ್ ಹೆರಿಗೆ ರಜೆಗೆ ಹೋದ ದಿನ ಸ್ಟಾಫ್ ರೂಮಿನಲ್ಲಿ ಕೂತಿದ್ದವಳು ನಾನೊಬ್ಬಳೇ. ಜವಾಬ್ದಾರಿ ನನ್ನ ತಲೆಗೆ ಬಂತು, ಅಷ್ಟೇ.

ಮಕ್ಕಳು ಆರು ಜನ. ಹಾಡಲು ಇಬ್ಬರು, ಕೀಬೋರ್ಡ್, ಗಿಟಾರ್, ತಬಲಾ, ತಾಳ. ಹೆಸರು ಹಾಕುತ್ತಿಲ್ಲ. ಡೊಂಬಿವಲಿಯಲ್ಲಿ ಅವರನ್ನು ಬಲ್ಲವರಿಗೆ ಗೊತ್ತಾಗುತ್ತದೆ. ಹಾಡು ಒಂದು ದಾಸರ ಪದ, ಅದಕ್ಕೆ ಗಿಟಾರ್ ಜೋಡಿಸಿದ್ದು ಮಕ್ಕಳದೇ ತಲೆ.

ಮೊದಲ ಧನ್ಯವಾದ ಹೋಟೆಲ್ ಅಣ್ಣನಿಗೆ. ನಮ್ಮ ಶಾಲೆ ಎರಡು ಪಾಳಿಯದು. ಒಂದು ಪಾಳಿ ಬಿಟ್ಟ ಕೂಡಲೇ ಇನ್ನೊಂದು ಬಂದು ಕೂರುತ್ತದೆ, ಅಭ್ಯಾಸಕ್ಕೆ ಒಂದು ಕೋಣೆ ಸಿಗುವುದಿಲ್ಲ. ಮಕ್ಕಳ ಮನೆಗಳೋ, ಒಂದೂವರೆ ರೂಮಿನವು. ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಅಣ್ಣನನ್ನು ಅಂಜುತ್ತಲೇ ಕೇಳಿದೆ. "ಮೇಲಿನ ಎ.ಸಿ. ರೂಮು ಮೂರೂವರೆಯಿಂದ ಐದರವರೆಗೆ ಖಾಲಿಯೇ ಇರ್ತದೆ, ಬನ್ನಿ ಮಾರ್ರೆ. ನಾನೂ ಹಗಲು ಟೇಬಲ್ ಒರೆಸಿ ಫೋರ್ಟಿನಲ್ಲಿ ರಾತ್ರಿ ಶಾಲೆಗೆ ಹೋದವ" ಅಂದರು. ಮುಂಬಯಿಯ ಎಷ್ಟೋ ಹೋಟೆಲ್ ಹುಡುಗರು ಓದಿದ್ದು ಕನ್ನಡದ ರಾತ್ರಿ ಶಾಲೆಗಳಲ್ಲಿ. ಆ ಋಣ ನಮ್ಮ ಆರು ಮಕ್ಕಳ ಲೆಕ್ಕಕ್ಕೆ ಜಮಾ ಆಯಿತು. ಕರೆಂಟಿಗೆ ದುಡ್ಡು ಕೊಡಲು ಹೋದರೆ ಬೈದರು. ಮೇಲಿಂದ ದಿನಾ ಒಂದು ತಟ್ಟೆ ಗೋಳಿಬಜೆ. ಒಂದು ಸಂಜೆ ಗಲ್ಲಾದಿಂದಲೇ ಕೂಗಿ ಹೇಳಿದರು: "ಟೀಚರ್, ಇವತ್ತು ನಿಮ್ಮ ಹಾಡಿನಿಂದ ಎರಡು ಕಾಫಿ ಜಾಸ್ತಿ ಹೋಯ್ತು."

ಎಲ್ಲ ಸರಿಯಾಗಿತ್ತು. ಸ್ಪರ್ಧೆಗೆ ಮೂರು ವಾರ ಇರುವಾಗ ಹಾಡುವ ಹುಡುಗನ ಗಂಟಲು ಒಡೆಯಿತು. ಒಂಬತ್ತನೇ ಕ್ಲಾಸು, ವಯಸ್ಸೇ ಅಂಥದ್ದು. ಸೋಮವಾರ ಮುಟ್ಟಿದ ಸ್ವರ ಗುರುವಾರ ಕೈಗೆ ಸಿಗಲಿಲ್ಲ. ಅವನು ಮೈಕ್ ಕೆಳಗಿಟ್ಟು ಮೆಟ್ಟಿಲಿಳಿದು ಹೋದ. ಎರಡು ದಿನ ಶಾಲೆಗೂ ಬರಲಿಲ್ಲ.

ಅವನನ್ನು ವಾಪಸ್ ಕರೆತಂದವರು ಪಕ್ಕದ ಬಿಲ್ಡಿಂಗಿನ ಭಜನಾ ಮಂಡಳಿಯ ಮಾಮ. ಹುಬ್ಬಳ್ಳಿ ಕಡೆಯವರು, ರಿಟೈರ್ ಆಗಿದ್ದಾರೆ. ಹುಡುಗನನ್ನು ಕೂರಿಸಿಕೊಂಡು ಫೋನಿನಲ್ಲಿ ಗಂಗೂಬಾಯಿ ಹಾನಗಲ್ಲರ ಎಳೆ ವಯಸ್ಸಿನ ರೆಕಾರ್ಡು ಹಾಕಿದರು. ತೆಳುವಾದ, ಹೆಣ್ಣುಮಗುವಿನ ದನಿ. ಆಮೇಲೆ ಅವರದ್ದೇ ನಂತರದ ರೆಕಾರ್ಡು. ಗಂಟಲಿನ ಚಿಕಿತ್ಸೆಯಾದ ಮೇಲಿನ ದನಿ, ಗಂಡಸು ಹಾಡಿದ ಹಾಗೆ. "ಎರಡೂ ಒಬ್ಬರದ ತಮ್ಮಾ. ನಿನ್ನ ದನಿ ಎಲ್ಲೂ ಹೋಗಿಲ್ಲ, ಇಳದೈತಿ ಅಷ್ಟ. ಹಾಡೂ ಇಳಸೋಣ" ಅಂದರು.

ಹಾಗೆ ಶ್ರುತಿ ಕಪ್ಪು ಎರಡರಿಂದ ಕಪ್ಪು ಒಂದಕ್ಕೆ, ಅಂದರೆ ಹಾರ್ಮೋನಿಯಮ್ಮಿನ ಎರಡನೇ ಕಪ್ಪು ಮನೆಯಿಂದ ಮೊದಲನೆಯದಕ್ಕೆ, ಇಳಿಯಿತು. ಹೇಳುವಷ್ಟು ಸುಲಭ ಅಲ್ಲ ಅಂತ ನನಗೆ ಆಗ ಗೊತ್ತಾಗಿದ್ದು. ಕೀಬೋರ್ಡಿನಲ್ಲಿ ಶ್ರುತಿ ಏರಿಸಿ ಇಳಿಸುವ ಒಂದು ಬಟನ್ ಇದೆ, ಒತ್ತಿ 3 ಇದ್ದದ್ದನ್ನು 1 ಮಾಡಿದರೆ ಮುಗಿಯಿತು. ಬೆರಳು ಹಳೇ ಜಾಗದಲ್ಲೇ ಆಡುತ್ತದೆ. ತಬಲಾ ಹಾಗಲ್ಲ. ನಮ್ಮ ತಬಲಾ ಅಷ್ಟು ಕೆಳಗೆ ಎಳೆದರೆ ದಬದಬ ಅನ್ನತೊಡಗಿತು. ಮಾಮ ಮಂಡಳಿಯ ದೊಡ್ಡ ಬಾಯಿಯ ತಬಲಾವನ್ನೇ ಸುತ್ತಿಗೆ ಸಮೇತ ಕೊಟ್ಟರು. ಶ್ರಾವಣದ ಭಜನೆಗಳ ನಡುವೆ ಇದ್ದ ಒಂದು ತಬಲಾ ಕೊಡುವುದೆಂದರೆ ಏನು ಅಂತ ಮಂಡಳಿಯವರಿಗೇ ಗೊತ್ತು.

ಗಿಟಾರಿನ ಹುಡುಗಿಯದ್ದು ಬೇರೆಯೇ ಗೋಳು. ಮೊದಲು ಡಿ, ಜಿ, ಎ ಅನ್ನುವ ಸ್ವರಗುಚ್ಛ (ಕಾರ್ಡ್) ಹಿಡಿಯುತ್ತಿದ್ದಳು. ಶ್ರುತಿ ಇಳಿದ ಮೇಲೆ ಸಿ, ಎಫ್, ಜಿ ಆಯಿತು. ಎಫ್ ಹಿಡಿಯಲು ತೋರುಬೆರಳೊಂದರಲ್ಲೇ ಆರೂ ತಂತಿ ಒತ್ತಬೇಕಂತೆ. ಹತ್ತು ದಿನ ಒತ್ತಿದಳು. ಬೆರಳಿನ ಮೇಲೆ ಗೆರೆ ಬಿತ್ತು, ಎಫ್ ಬರಲಿಲ್ಲ. ಅಷ್ಟರಲ್ಲಿ ಗಿಟಾರಿನ ಒಂದು ಬಿರಡೆಯೂ ಜಾರತೊಡಗಿತು. ರಿಪೇರಿಗೆ ಅಂತ ಧೋಬಿ ತಲಾವ್‌ಗೆ ಹೋದೆವು.

ಅಲ್ಲಿಯ ಗಲ್ಲಿಯೊಂದರಲ್ಲಿ ಗೋವಾದ ಒಬ್ಬ ಅಜ್ಜ. ಹಿಂದಿ ಸಿನಿಮಾದ ವಾದ್ಯವೃಂದಗಳಲ್ಲಿ ಗೋವಾದವರು ಎಷ್ಟೋ ವರ್ಷ ಪಿಟೀಲು, ಟ್ರಂಪೆಟ್ ನುಡಿಸಿದ್ದಾರಲ್ವಾ, ಆ ಪೈಕಿಯವರು ಅಂತ ಗೋಡೆಯ ಫೋಟೋ ನೋಡಿ ನಾನೇ ಅಂದುಕೊಂಡೆ. ಬಿರಡೆ ಬದಲಿಸಿ, "ನುಡಿಸು ನೋಡೋಣ" ಅಂದರು. ಅವಳು ಎಫ್‌ಗೆ ಬಂದು ನಿಂತಳು. ಅಜ್ಜ ಏನೂ ಹೇಳಲಿಲ್ಲ. ಗಿಟಾರಿನ ಕತ್ತಿಗೆ ಕಚ್ಚಿಸಿದ್ದ ಕ್ಲಿಪ್ಪನ್ನು ಒಂದನೇ ಮನೆಯಿಂದ ತೆಗೆದು ನಾಲ್ಕನೇ ಮನೆಗೆ ಹಾಕಿದರು. ಆ ಕ್ಲಿಪ್ ಒಂದೊಂದು ಮನೆ ಮೇಲೆ ಹೋದ ಹಾಗೆ ಶ್ರುತಿ ಅರ್ಧರ್ಧ ಸ್ವರ ಏರುತ್ತದೆ. "ಈಗ ಎ, ಡಿ, ಇ ಹಿಡಿ." ಹಿಡಿದಳು. ಅದೇ ಶ್ರುತಿ, ಎಫ್ ಇಲ್ಲವೇ ಇಲ್ಲ!

ಸಿ ಗೆ ಒಂದು ಕೂಡಿಸಿದರೂ ಎ ಗೆ ನಾಲ್ಕು ಕೂಡಿಸಿದರೂ ಉತ್ತರ ಒಂದೇ. ಐದನೇ ಕ್ಲಾಸಿನ ಲೆಕ್ಕ. 22 ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ, ನನಗೆ ಹೊಳೆಯಲಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ ಆ ಹುಡುಗಿ ನನ್ನ ಮುಖ ನೋಡಿ ನಗು ತಡೆದುಕೊಂಡಿದ್ದು ನನಗೆ ಕಾಣಿಸಿತು ಮಗಾ. ಅಜ್ಜನಿಗೆ ನಮಸ್ಕಾರ.

ಸ್ಪರ್ಧೆ ದಾದರ್ ಕಡೆ. ಬೆಳಿಗ್ಗೆಯಿಂದ ಧೋ ಅಂತ ಮಳೆ. ವಾದ್ಯ ಹಿಡಿದು ಮಾಮೂಲಿ ಡಬ್ಬಿ ಹತ್ತುವುದು ಆಗದ ಮಾತು, ಹಾಗಾಗಿ ಲಗೇಜ್ ಡಬ್ಬಿ ಹತ್ತಿದೆವು. ಡಬ್ಬಾವಾಲಾಗಳು ಊಟದ ಡಬ್ಬಿಗಳ ಉದ್ದನೆ ಹಲಗೆ ಇಟ್ಟುಕೊಂಡು ನಿಂತಿದ್ದರು. ಒಬ್ಬರು ಕೀಬೋರ್ಡಿಗೆ ಜಾಗ ಮಾಡಿಕೊಟ್ಟರು. ಸೊಪ್ಪಿನ ಮೂಟೆ ಮೇಲೆ ಕೂತಿದ್ದ ಒಬ್ಬ ಮಾವ್ಶಿ ತನ್ನ ಪ್ಲಾಸ್ಟಿಕ್ ಶೀಟು ತೆಗೆದು ತಬಲಾಕ್ಕೆ ಹೊದಿಸಿದಳು, ತಾನು ನೆನೆದಳು. ಠಾಣೆ ದಾಟುವಾಗ ಟೋಪಿಯವರೊಬ್ಬರು ಅಭಂಗ ಎತ್ತಿದರು, ನಮ್ಮ ಹುಡುಗ ತಾಳ ಹಾಕಿದ. ಇಡೀ ತಿಂಗಳಲ್ಲಿ ಅವನು ಅಷ್ಟು ಆರಾಮಾಗಿ ನುಡಿಸಿದ್ದನ್ನು ನಾನು ನೋಡಿರಲಿಲ್ಲ.

ಹಾಲ್‌ನಲ್ಲಿ ಎ.ಸಿ. ಜೋರಿತ್ತು. "ಒಳಗ ಹೋದ ಕೂಡಲೇ ಶ್ರುತಿ ಮಾಡಬ್ಯಾಡ, ಅರ್ಧ ತಾಸು ಬಿಟ್ಟು ಮಾಡು" ಅಂತ ಮಾಮ ತಬಲಾ ಹುಡುಗನಿಗೆ ಹೇಳಿ ಕಳಿಸಿದ್ದರು. ಮಳೆಯ ಥಂಡಿಗೆ ಸಡಿಲಾದ ಚರ್ಮ ಎ.ಸಿ.ಯಲ್ಲಿ ಒಣಗಿ ಬಿಗಿಯಾಗುತ್ತದೆ, ಶ್ರುತಿ ತಾನಾಗಿ ಏರುತ್ತದೆ. ಅವನು ಗಡಿಯಾರ ನೋಡುತ್ತ ಕೂತ. ಬೇರೆ ಶಾಲೆಯವರೆಲ್ಲ ಟಕಟಕ ಬಡಿಯುತ್ತಿದ್ದರು. ಇವನು ಮಾತ್ರ ಸುಮ್ನೆ.

ಈಗ ಈ ಬರಹಕ್ಕೆ ನಿಜವಾದ ಕಾರಣಕ್ಕೆ ಬರುತ್ತೇನೆ.

ನಮ್ಮ ನಂಬರ್ 9. ವೇದಿಕೆ ಮೇಲೆ ಕೂತರು. ಮೈಕಿನಲ್ಲಿ ನಮ್ಮ ಶಾಲೆಯ ಹೆಸರು ಹೇಳುತ್ತಿರುವಾಗಲೇ ಕೀಬೋರ್ಡ್ ಆರಿಹೋಯಿತು. ಪ್ಲಗ್ ಸಡಿಲ. ಹುಡುಗಿ ಸ್ವಿಚ್ ಒತ್ತುತ್ತಾಳೆ, ಹತ್ತುತ್ತದೆ, ಆರುತ್ತದೆ. ನಾನು ಸಭೆಯ ಆಚೆ ತುದಿಯಲ್ಲಿ. ಆಗ ವೇದಿಕೆಯ ಪಕ್ಕದಿಂದ ಒಬ್ಬ ಹುಡುಗ ಬಂದ. ನಮಗಿಂತ ಮುಂಚೆ ನುಡಿಸಿದ ಶಾಲೆಯವನು, ತನ್ನ ವಾಯರ್ ಸುತ್ತುತ್ತ ನಿಂತಿದ್ದವನು. ಕೀಬೋರ್ಡಿನ ಹಿಂದೆ ನೆಲದ ಮೇಲೆ ಕೂತು ಪ್ಲಗ್ಗನ್ನು ಕೈಯಿಂದ ಒತ್ತಿ ಹಿಡಿದ. ದೀಪ ಹತ್ತಿತು. ಶುರು ಮಾಡಿ ಅಂತ ತಲೆ ಆಡಿಸಿದ.

ಶುರು ಮಾಡಿದರು. ಮೊದಲನೇ ಪೆಟ್ಟಿಗೇ ನನ್ನಂಥವಳ ಕಿವಿಗೂ ಚುಚ್ಚಿತು. ಕರೆಂಟ್ ಹೋದಾಗ ಕೀಬೋರ್ಡ್ 1 ಮರೆತು 0ಗೆ ಬಂದಿತ್ತು. ಎಲ್ಲರೂ ಕಪ್ಪು ಒಂದರಲ್ಲಿ, ಅದೊಂದೇ ಅರ್ಧ ಸ್ವರ ಕೆಳಗೆ. ಹುಡುಗಿ ಕೈ ಎತ್ತಿಬಿಟ್ಟಳು. ಅವಳು ಕೈ ಎತ್ತಿದ್ದೇ ತಬಲಾ ಹುಡುಗ ಅವಳ ಕಡೆ ನೋಡಿದ, ಎಂಟು ಮಾತ್ರೆಯ ಕೆಹರವಾ ತಾಳ ನಿಲ್ಲಿಸಲಿಲ್ಲ. ಗಿಟಾರ್ ಅದೇ ಎ ಮೇಲೆ ನಿಂತಿತು. ಹಾಡುವ ಹುಡುಗ ಬಾಯಿ ತೆರೆದಿದ್ದವನು ಮುಚ್ಚಿದ. ಎಂಟು ಮಾತ್ರೆ ಹೋಯಿತು. ಅವಳು ಬಟನ್ ಹುಡುಕುತ್ತಿದ್ದಾಳೆ. ಇನ್ನೂ ಎಂಟು. ಒತ್ತಿದಳು, ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಸರಿಯಾಗಿ ಕೈ ಇಟ್ಟಳು. ಇವನು ಹಾಡು ಎತ್ತಿದ, ಇಳಿದ ದನಿಯಲ್ಲಿ. ಹೆಚ್ಚು ಏನು ಹೇಳಲಿ, ನಾನು ಕನ್ನಡಕ ತೆಗೆದೆ.

ಫಲಿತಾಂಶ ಹೇಳುವ ಮುಂಚೆ ಒಬ್ಬ ಜಡ್ಜ್ ಕರೆದು ಕೇಳಿದರು, "ಮೊದಲು ತಬಲಾ ಗಿಟಾರ್ ಬಿಟ್ಟು, ಆಮೇಲೆ ಕೀಬೋರ್ಡ್ ತಂದದ್ದು ಚೆನ್ನಾಗಿತ್ತು. ಯಾರ ಐಡಿಯಾ?" ನಮ್ಮವಳು ಹೇಳಿದಳು, "ಪ್ಲಗ್ದು ಸರ್."

ಸ್ಪರ್ಧಿಯಾಗಿ ಬಂದಿದ್ದ ಆ ಹುಡುಗ ಹಾಡು ಮುಗಿಯುವ ತನಕ, ಐದು ನಿಮಿಷ, ಆ ಪ್ಲಗ್ ಬಿಡಲಿಲ್ಲ. ಅವನ ಶಾಲೆಗೆ ಬಹುಮಾನ ಬರಲಿಲ್ಲ. ನಮ್ಮ ಗದ್ದಲ ಮುಗಿದು ನಾನು ಹುಡುಕುವಷ್ಟರಲ್ಲಿ ಅವರ ಬಸ್ಸು ಹೋಗಿತ್ತು. ಹೆಸರು ಕೇಳಿಲ್ಲ. ನೀಲಿ ಟೈ, ಎಡಗೈಗೆ ಕಪ್ಪು ದಾರ. ನಿಮ್ಮ ಮನೆಯ ಹುಡುಗ ಆ ಶನಿವಾರ ಪ್ಯಾಂಟಿನ ಮೊಣಕಾಲಿಗೆ ಧೂಳು ಮಾಡಿಕೊಂಡು ಬಂದಿದ್ದರೆ ಬೈಯಬೇಡಿ, ಒಮ್ಮೆ ಕೇಳಿ ನೋಡಿ. ಅವನ ಹೆಸರಲ್ಲಿ ಹೋಟೆಲ್ ಅಣ್ಣ ಒಂದು ತಟ್ಟೆ ಗೋಳಿಬಜೆ ಬಾಕಿ ಬರೆದಿಟ್ಟಿದ್ದಾರೆ. ಬಿಸಿ ಬೇಕಂದರೆ ಮೂರೂವರೆಗೆ ಬರಲಿ.