ಪಾರ್ಸೆಲ್‌ನಲ್ಲಿ ಇನ್ನು ಎನಾಮೆಲ್, ಲ್ಯಾಕರ್, ಅಂಟು ಬರುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಬೆಂಗಳೂರಿನ ಅಂಗಡಿಯಿಂದ ಕೊರಿಯರ್‌ನಲ್ಲಿ ಹೊರಡುವ ಯಾವ ಪೆಟ್ಟಿಗೆಯಲ್ಲೂ ಎನಾಮೆಲ್ ಬಣ್ಣ, ಲ್ಯಾಕರ್ ಬಣ್ಣ (ಎರಡೂ ಹೊತ್ತಿಕೊಳ್ಳುವ ದ್ರಾವಕದಲ್ಲಿ ಕಲಸಿದ ಬಣ್ಣಗಳು), ಅವುಗಳನ್ನು ತೆಳುವಾಗಿಸುವ ಥಿನ್ನರ್, ಸ್ಪ್ರೇ ಕ್ಯಾನ್ ಮತ್ತು ಪ್ಲಾಸ್ಟಿಕ್ ಅಂಟು ಇರುವುದಿಲ್ಲ. ಹೊಸದಾಗಿ ಮಾದರಿ ವಿಮಾನ ಜೋಡಿಸಲು ಕೂರುವವರು ನಮ್ಮಿಂದ ಕೊಳ್ಳುವ ಪೂರ್ಣ ಪೆಟ್ಟಿಗೆಯಲ್ಲಿ ವಿಮಾನದ ಬಿಡಿ ಭಾಗಗಳ ಕಿಟ್, ಎರಡು ಕುಂಚ, ಸಣ್ಣ ಕಟ್ಟರ್, ಉಪ್ಪು ಕಾಗದ ಎಲ್ಲವೂ ಮೊದಲಿನಂತೆಯೇ ಇರುತ್ತವೆ. ಆರು ಎನಾಮೆಲ್ ಡಬ್ಬಿಗಳ ಜಾಗದಲ್ಲಿ ಮಾತ್ರ ನೀರು ಬೆರೆಸಿ ಹಚ್ಚುವ ಆರು ಅಕ್ರಿಲಿಕ್ ಶೀಶೆಗಳು ಬರುತ್ತವೆ.

ಕಾರಣ ಕೇಳಿದರೆ ‘ಪರಿಸರದ ಮೇಲಿನ ಕಾಳಜಿ’ ಎಂದು ಬರೆದು ಒಳ್ಳೆಯವರೆನಿಸಿಕೊಳ್ಳಬಹುದಿತ್ತು. ನಿಜವಾದ ಕಾರಣ ಅಷ್ಟು ಚೆಂದವಾಗಿಲ್ಲ. ಅಂಗಡಿ ತೆರೆದ ದಿನದಿಂದ ನಾವು ಪಾರ್ಸೆಲ್ ಚೀಟಿಯ ಮೇಲೆ ‘ಪ್ಲಾಸ್ಟಿಕ್ ಆಟಿಕೆ’ ಎಂದು ಬರೆಯುತ್ತಿದ್ದೆವು. ಒಳಗೆ ಥಿನ್ನರ್ ಇದೆ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಕೇಳಿದವರೂ ಇಲ್ಲ, ಕೇಳದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡು ಸುಮ್ಮನಿದ್ದೆವು.

ಕಳೆದ ಮಳೆಗಾಲದಲ್ಲಿ ದೆಹಲಿಯಲ್ಲಿರುವ ಕನ್ನಡಿಗರೊಬ್ಬರಿಗೆ ಕಳುಹಿಸಿದ ಪೆಟ್ಟಿಗೆ ಹದಿನೇಳು ದಿನಗಳ ನಂತರ ನಮ್ಮ ಬಾಗಿಲಿಗೇ ಹಿಂದಿರುಗಿತು. ತಪಾಸಣೆಯಲ್ಲಿ ಬಿಚ್ಚಿ ಮತ್ತೆ ಟೇಪು ಸುತ್ತಿದ್ದರು. ತೆರೆದ ಕೂಡಲೇ ವಾಸನೆ ಮೂಗಿಗೆ ಹೊಡೆಯಿತು. ಲ್ಯಾಕರ್ ಥಿನ್ನರ್ ಶೀಶೆಯ ಮುಚ್ಚಳ ಸೀಳಿತ್ತು. ವಿಮಾನದ ಮೈಗೆ ಅಂಟಿಸುವ ಗುರುತುಗಳ ಡಿಕಾಲ್ ಹಾಳೆಯ ಮೇಲಿದ್ದ ಅಂಕಿಗಳು ಒಂದಕ್ಕೊಂದು ಅಂಟಿ ಕಪ್ಪು ಗೀಟಾಗಿದ್ದವು. ಎಡ ರೆಕ್ಕೆಯ ತುದಿ ಬೆಲ್ಲದ ಪಾಕದಂತೆ ಇಳಿದು ರಟ್ಟಿಗೆ ಕಚ್ಚಿಕೊಂಡಿತ್ತು. ಕಿಟ್‌ಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಲ್ಯಾಕರ್ ಥಿನ್ನರ್ ಅದನ್ನು ಕರಗಿಸುತ್ತದೆ ಎಂಬುದು ನಮಗೆ ಹೊಸ ಸಂಗತಿಯೇನಲ್ಲ. ಆದರೆ ಅಷ್ಟು ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಕಿಟ್ ಅಲ್ಲ. ಅದೇ ಶೀಶೆ ವಿಮಾನದ ಸರಕಿನ ಗೂಡಿನಲ್ಲಿ, ನೂರಾರು ಜನರ ಕಾಲಡಿಯಲ್ಲಿ ಸೀಳಿದ್ದರೆ? ವಿಮಾನವನ್ನು ಪ್ರೀತಿಸುವವರಿಗೆ ಸಾಮಾನು ಮಾರುತ್ತೇವೆಂದು ಹೇಳಿಕೊಳ್ಳುವವರು ನಾವು.

ವಿಮಾನ ಸಾಗಣೆಯ ಅಂತರರಾಷ್ಟ್ರೀಯ ನಿಯಮ ಸ್ಪಷ್ಟವಾಗಿದೆ. ಯಾವ ದ್ರವದ ಆವಿ 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆಯೋ ಅದು ಅಪಾಯಕಾರಿ ಸರಕಿನ 3ನೇ ವರ್ಗಕ್ಕೆ ಸೇರುತ್ತದೆ. ತೆಳು ಅಂಟುಗಳಲ್ಲಿ ಸಾಮಾನ್ಯವಾಗಿರುವ ಅಸಿಟೋನ್‌ಗೆ ಅಷ್ಟು ಬಿಸಿಯೇ ಬೇಡ, ಸೊನ್ನೆಗಿಂತ ಕೆಳಗೂ ಅದರ ಆವಿ ಹೊತ್ತುತ್ತದೆ. ಇಂಥದ್ದನ್ನು ಕಳುಹಿಸಲು ಬೇರೆ ಪ್ಯಾಕಿಂಗ್, ಬೇರೆ ಕಾಗದಪತ್ರ, ತರಬೇತಿ ಪಡೆದ ಜನ ಬೇಕು. ಮೂವರು ನಡೆಸುವ ಅಂಗಡಿಗೆ, 14 ಮಿಲಿಲೀಟರಿನ ಡಬ್ಬಿಗಾಗಿ, ಅದು ಆಗದ ಕೆಲಸ. ಅಂಚೆಯಲ್ಲೂ ಹೊತ್ತಿಕೊಳ್ಳುವ ವಸ್ತು ನಿಷಿದ್ಧ. ಹಾಗಾಗಿ ನಿಲ್ಲಿಸಿದ್ದೇವೆ. ಆ ದೆಹಲಿಯ ಗ್ರಾಹಕರಿಗೆ ಹಣ ಹಿಂದಿರುಗಿಸಿ, ಚೀಟಿಯ ಮೇಲೆ ಏನು ಬರೆದಿದ್ದೆವು ಎಂಬುದನ್ನೂ ತಿಳಿಸಿದೆವು. ಅವರು ನಮಗಿಂತ ದೊಡ್ಡ ಮನಸ್ಸಿನವರು, ಬೈಯಲಿಲ್ಲ.

ಈಗ ಬಣ್ಣದ ಮಾತು. ‘ಅಕ್ರಿಲಿಕ್’ ಎಂದು ಬರೆದಿರುವುದೆಲ್ಲ ನೀರಿನದ್ದಲ್ಲ. ಜಪಾನಿನ ಟಮಿಯಾ ಕಂಪನಿಯ ಅಕ್ರಿಲಿಕ್ ಬಹಳ ಒಳ್ಳೆಯ ಬಣ್ಣ, ನಾನೇ ವರ್ಷಗಟ್ಟಲೆ ಬಳಸಿದ್ದೇನೆ. ಅದರಲ್ಲಿ ಇರುವುದು ಆಲ್ಕೋಹಾಲ್. ಹಾಗಾಗಿ ಅದೂ ಕೌಂಟರಿನಲ್ಲೇ ಸಿಗುತ್ತದೆ, ಪಾರ್ಸೆಲ್‌ಗೆ ಇಲ್ಲ. ಕಳುಹಿಸುವುದು ಸ್ಪೇನಿನಿಂದ ಬರುವ, ಹನಿ ಹನಿಯಾಗಿ ಸುರಿಯುವ ಮೂತಿಯ ಶೀಶೆಗಳನ್ನು. ನೀರೇ ಅದರ ಆಧಾರ, ವಾಸನೆ ಇಲ್ಲವೆಂದರೂ ನಡೆದೀತು.

ಎಚ್‌ಎಎಲ್‌ನಿಂದ ನಿವೃತ್ತರಾದ ಹಿರಿಯರೊಬ್ಬರು ಶನಿವಾರಗಳಂದು ನಮ್ಮ ಅಂಗಡಿಗೆ ಬಂದು ಕೂರುತ್ತಾರೆ. ಸುದ್ದಿ ಕೇಳಿದ ಕೂಡಲೇ ಅವರು ಹೇಳಿದ್ದು ಇಷ್ಟು: “ಎನಾಮೆಲ್ ವಾಸನೆ ಇಲ್ಲದೆ ವಿಮಾನ ಹೇಗಪ್ಪಾ ಆಗುತ್ತದೆ?” ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಹಂಬ್ರೋಲ್ ಕಂಪನಿಯ ಎನಾಮೆಲ್‌ಗಳಲ್ಲಿ 33 ಎಂದರೆ ಹೊಳಪಿಲ್ಲದ ಕಪ್ಪು, 64 ಎಂದರೆ ತಿಳಿ ಬೂದು ಎಂದು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡ ತಲೆಮಾರು ಅದು. ಬ್ರಿಟನ್ನಿನ ಕಿಟ್ ತಯಾರಕ ಏರ್‌ಫಿಕ್ಸ್ ತನ್ನ ಮೊದಲ ಸ್ಪಿಟ್‌ಫೈರ್ ಯುದ್ಧವಿಮಾನದ ಕಿಟ್ ಅನ್ನು 1953ರಲ್ಲಿ ತಂದಾಗಿನಿಂದ ಈ ಹವ್ಯಾಸ ಬೆಳೆದದ್ದೇ ಆ ಪುಟ್ಟ ತಗಡಿನ ಡಬ್ಬಿಗಳ ಜೊತೆಗೆ. ಏರ್‌ಫಿಕ್ಸ್ ಸೂಚನಾ ಹಾಳೆಯಲ್ಲಿ ಇಂದಿಗೂ ಹಂಬ್ರೋಲ್ ಸಂಖ್ಯೆಯೇ ಇರುತ್ತದೆ. ಆದ್ದರಿಂದ ಪ್ರತಿ ಪೆಟ್ಟಿಗೆಯಲ್ಲೂ ಯಾವ ಸಂಖ್ಯೆಗೆ ಯಾವ ಹೊಸ ಶೀಶೆ ಎಂದು ತಿಳಿಸುವ ಕನ್ನಡದ ಚೀಟಿಯೊಂದನ್ನು ಇಡುತ್ತೇವೆ. ನಮ್ಮ ವಾಯುಪಡೆಯ ವೃತ್ತಚಿಹ್ನೆಯ ಹೊರಬಳೆಗೆ ಬೇಕಾದ ಕೇಸರಿಯ ಮಿಶ್ರಣವೂ ಅದರಲ್ಲಿದೆ; ಶೀಶೆಯಲ್ಲಿ ಕಿತ್ತಳೆ ಎಂದು ಬರುವುದು ನಮ್ಮ ಕೇಸರಿಯಲ್ಲ, ದಯವಿಟ್ಟು ಹಾಗೇ ಬಳಿಯಬೇಡಿ.

ಎನಾಮೆಲ್‌ಗೆ ಪಳಗಿದ ಕೈ ನೀರಿನ ಬಣ್ಣದಲ್ಲಿ ಮೊದಲ ಸಲ ಸೋಲುತ್ತದೆ. ನಾನೂ ಸೋತೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ತಂಡ, ಬೀದರಿನ ಸೂರ್ಯಕಿರಣದ ಹಾಕ್ ವಿಮಾನವನ್ನು 1/72ರಲ್ಲಿ, ಅಂದರೆ ಆರು ಅಡಿಗೆ ಒಂದಂಗುಲದ ಲೆಕ್ಕದಲ್ಲಿ ಮಾಡುತ್ತಿದ್ದೆ. ಗೇಣುದ್ದವೂ ಇಲ್ಲದ ವಿಮಾನ. ಬಿಳಿ ಬಳಿದು, ಅದರ ಮೇಲೆ ಟೇಪು ಅಂಟಿಸಿ, ಕೆಂಪು ಹೊಡೆದೆ. ಟೇಪನ್ನು ಎತ್ತಿದಾಗ ಅದರ ಜೊತೆಗೇ ಹೆಬ್ಬೆರಳ ಉಗುರಿನಷ್ಟು ಬಿಳಿ ಬಣ್ಣ ಹಾಲಿನ ಕೆನೆಯಂತೆ ಎದ್ದು ಬಂತು. ಕೆಳಗೆ ಬೂದು ಪ್ಲಾಸ್ಟಿಕ್ ಹೊಳೆಯುತ್ತಿತ್ತು. ಎನಾಮೆಲ್ ಮತ್ತು ಲ್ಯಾಕರ್ ಪ್ಲಾಸ್ಟಿಕ್ಕನ್ನು ಕಚ್ಚಿ ಹಿಡಿಯುತ್ತವೆ. ನೀರಿನ ಬಣ್ಣ ಅದರ ಮೇಲೆ ಹೊದಿಕೆಯಂತೆ ಕೂರುತ್ತದೆ, ಅಷ್ಟೇ. ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಪ್ರೈಮರ್ ಅನ್ನು ನಾನು ಹಚ್ಚಿರಲಿಲ್ಲ. ಎರಡು ಗಂಟೆಯಲ್ಲೇ ಟೇಪು ಹಾಕಿದ್ದೆ. ಎರಡೂ ನನ್ನದೇ ತಪ್ಪು.

ಹಾಗಾಗಿ, ಜೋಡಿಸುವ ಮೊದಲೇ ಭಾಗಗಳು ಸೇರಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟನ್ನು ಪಾತ್ರೆ ತೊಳೆಯುವ ಸೋಪಿನ ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆಯ ಅಂಶ ಅದರ ಮೇಲೆ ಉಳಿದಿರುತ್ತದೆ. ನೀರಿನ ಪ್ರೈಮರ್ ತೆಳ್ಳಗೆ ಹೊಡೆದು ಒಂದಿಡೀ ದಿನ ಬಿಡಿ. ಬೆರಳಿಗೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಿರುವುದಿಲ್ಲ. ಟೇಪನ್ನು ನೇರವಾಗಿ ವಿಮಾನಕ್ಕೆ ಅಂಟಿಸದೆ, ಮೊದಲು ಅಂಗೈಗೆ ಎರಡು ಮೂರು ಸಲ ಒತ್ತಿ ಅದರ ಅಂಟಿನ ಸೊಕ್ಕು ಇಳಿಸಿ. ಕುಂಚದಲ್ಲಿ ಹಚ್ಚುವವರಿಗೆ ಮೊದಲ ಕೈ ನೋಡಿ ಅಳು ಬರಬಹುದು, ಗೆರೆ ಗೆರೆಯಾಗಿ ಪ್ಲಾಸ್ಟಿಕ್ ಕಾಣುತ್ತದೆ. ಅಲ್ಲೇ ಮತ್ತೆ ತಿಕ್ಕಬೇಡಿ. ಒಣಗಲು ಬಿಟ್ಟು ಎರಡನೆಯ, ಮೂರನೆಯ ತೆಳು ಕೈ ಕೊಡಿ.

ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇರುವವರಿಗೆ ಬೇರೆ ತೊಂದರೆ. ಬೆಂಗಳೂರಿನ ಫೆಬ್ರುವರಿ, ಮಾರ್ಚ್‌ನ ಒಣ ಗಾಳಿಯಲ್ಲಿ ಬಣ್ಣ ಸೂಜಿಯ ತುದಿಯಲ್ಲೇ ಒಣಗಿ ಉಗುಳತೊಡಗುತ್ತದೆ. ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಒಂದೆರಡು ಹನಿ ಬೆರೆಸಿ, ಒದ್ದೆ ಹತ್ತಿಕಡ್ಡಿಯಿಂದ ಆಗಾಗ ಸೂಜಿ ಒರೆಸುತ್ತಿರಿ. ಕಾರವಾರ, ಮಂಗಳೂರಿನವರಿಗೆ ಮಾತ್ರ ಇದು ಲಾಭದ ಬದಲಾವಣೆ: ಜುಲೈನ ತೇವದಲ್ಲಿ ಲ್ಯಾಕರ್ ಹೊಡೆದರೆ ಮೇಲೆ ಮಂಜು ಕವಿದಂತೆ ಬಿಳಿಚುತ್ತಿತ್ತಲ್ಲ, ಆ ಕಾಟ ಇಲ್ಲಿಲ್ಲ, ಒಣಗಲು ಹೆಚ್ಚು ಹೊತ್ತು ಬೇಕು, ಅಷ್ಟೇ. ತೆಳುವಾಗಿಸಲು ಕೊಳವೆ ಬಾವಿಯ ನೀರು ಬೇಡ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಸಾಕು, ಈ ನೀರಿನ ಬಣ್ಣಕ್ಕೆಂದೇ ಬರುವ ಥಿನ್ನರ್ ಆದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಉಳಿದ ಹಳೆಯ ಲ್ಯಾಕರ್ ಥಿನ್ನರನ್ನು ಅಪ್ಪಿತಪ್ಪಿಯೂ ಇದಕ್ಕೆ ಬೆರೆಸಬೇಡಿ, ಹಾಲು ಒಡೆದ ಹಾಗೆ ಒಡೆದು ಏರ್‌ಬ್ರಷ್‌ನ ಒಳಗೆಲ್ಲ ಮೆತ್ತಿಕೊಳ್ಳುತ್ತದೆ. ವಾಸನೆ ಇಲ್ಲವೆಂದು ಮುಖಕ್ಕೆ ಮಾಸ್ಕ್ ಹಾಕದೆ ಹೊಡೆಯುವುದೂ ಬೇಡ. ತೇಲುವ ಬಣ್ಣದ ಕಣಕ್ಕೆ ವಾಸನೆ ಇರಬೇಕೆಂದೇನಿಲ್ಲ.

ಹೊಸ ಬಣ್ಣ ಎಲ್ಲದರಲ್ಲೂ ಮೇಲು ಎಂದು ನಾವು ಹೇಳುವುದಿಲ್ಲ. ಲೋಹದ ಹೊಳಪಿನಲ್ಲಿ ಅದು ಸೋಲುತ್ತದೆ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದ ಮೇಲೆ ಅದರ ಕಿಟ್ ಕೇಳಿಕೊಂಡು ಬರುವವರು ನಮ್ಮಲ್ಲಿ ಹೆಚ್ಚಾಗಿದ್ದಾರೆ. ಅವರಲ್ಲಿ ಅನೇಕರಿಗೆ 1960ರ ದಶಕದ, ಬಣ್ಣವಿಲ್ಲದ ಬರಿಯ ಲೋಹದ ಮೈಯ ಮಿಗ್ ಬೇಕು. ಲ್ಯಾಕರ್ ಬೆಳ್ಳಿಬಣ್ಣ ಕೊಡುವ ಆ ತಣ್ಣನೆಯ ಹೊಳಪು ನೀರಿನ ಬೆಳ್ಳಿಯಲ್ಲಿ ಬರುವುದಿಲ್ಲ, ಬಂದರೂ ಕಣಗಳು ಕಣ್ಣಿಗೆ ಕಾಣುತ್ತವೆ. ಅಂಥವರು ಅಂಗಡಿಗೇ ಬಂದು ಲ್ಯಾಕರ್ ಕೊಳ್ಳಿ. ಬರಲಾಗದಿದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಇದೆ: ತೆಳು ಅಂಟು ಹಚ್ಚಿ, ಒಂದೊಂದೇ ಫಲಕದ ಅಳತೆಗೆ ಕತ್ತರಿಸಿ, ಹತ್ತಿಕಡ್ಡಿಯಿಂದ ಉಜ್ಜಿ ಕೂರಿಸುವ ಹಳೆಯ ಪದ್ಧತಿ. ತಾಳ್ಮೆ ಬಹಳ ಬೇಕು, ಆದರೆ ಅದು ಲೋಹವೇ ಆದ್ದರಿಂದ ಲೋಹದಂತೆಯೇ ಕಾಣುತ್ತದೆ.

ಫಲಕಗಳ ನಡುವಿನ ಗೀಟಿಗೆ ಕಪ್ಪು ಕೂರಿಸಲು ಎನಾಮೆಲ್ ವಾಷ್ (ಬಹಳ ತೆಳುವಾಗಿಸಿದ ಬಣ್ಣ) ಬಳಸುತ್ತಿದ್ದವರು ಚಿತ್ರಕಲೆಯ ಸಾಮಾನು ಮಾರುವ ಅಂಗಡಿಯಿಂದ ತೈಲವರ್ಣದ ಒಂದು ಟ್ಯೂಬ್ ಮತ್ತು ಟರ್ಪೆಂಟೈನ್ ತಂದುಕೊಂಡರೆ ಸಾಕು. ಚೆನ್ನಾಗಿ ಒಣಗಿದ, ಮೇಲೆ ಹೊಳಪಿನ ವಾರ್ನಿಷ್ ಬಳಿದ ಅಕ್ರಿಲಿಕ್ಕಿಗೆ ಅದರಿಂದ ಹಾನಿಯಿಲ್ಲ. ಆ ವಾರ್ನಿಷ್ ಡಿಕಾಲ್‌ಗೂ ಬೇಕು. ಒರಟು ಮೈಯ ಮೇಲೆ ಡಿಕಾಲ್ ಕೂರಿಸಿದರೆ ಅಡಿಯಲ್ಲಿ ಗಾಳಿ ಉಳಿದು ಬೆಳ್ಳಿಯಂತೆ ಮಿನುಗುತ್ತದೆ. ಎಲ್ಲ ಮುಗಿದ ಮೇಲೆ ಹೊಳಪಿಲ್ಲದ ವಾರ್ನಿಷ್ ಬಳಿದರಾಯಿತು.

ಇನ್ನು ಅಂಟು. ಇದಕ್ಕೆ ನೀರಿನ ಬದಲಿ ಇಲ್ಲ. ಪ್ಲಾಸ್ಟಿಕ್ ಅಂಟು ನಿಜಕ್ಕೂ ಅಂಟುವುದಿಲ್ಲ, ಎರಡೂ ಅಂಚುಗಳನ್ನು ತುಸು ಕರಗಿಸಿ ಬೆಸೆಯುತ್ತದೆ. ಕರಗಿಸುವ ಗುಣವೇ ಹೊತ್ತಿಕೊಳ್ಳುವ ಗುಣವನ್ನೂ ತರುತ್ತದೆ. ವಿಮಾನಕ್ಕೆ ಹಾಕದೆ ರಸ್ತೆಯಲ್ಲೇ ಸಾಗಿಸುವ, ಒಳಗೇನಿದೆ ಎಂದು ತಿಳಿದೇ ಒಪ್ಪಿಕೊಂಡ ಸಾಗಣೆದಾರರೊಬ್ಬರು ಸಿಕ್ಕಿದ್ದಾರೆ. ಅವರ ಮೂಲಕ ತಿಂಗಳಿಗೊಮ್ಮೆ, ಕರ್ನಾಟಕದ ಒಳಗೆ ಮಾತ್ರ, ಅಂಟನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿ ಕಳುಹಿಸುತ್ತೇವೆ. ಹೊರರಾಜ್ಯದವರು ಮತ್ತು ವಿದೇಶದಲ್ಲಿರುವವರು ನಿಮ್ಮ ಊರಿನಲ್ಲೇ ಕೊಳ್ಳಬೇಕಾಗುತ್ತದೆ, ಕ್ಷಮಿಸಿ. ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳಕ್ಕೆ ಮಾತ್ರ ಇಂಥ ಯಾವ ಅಂಟನ್ನೂ ಹುಡುಕಬೇಡಿ. ಮಕ್ಕಳು ಶಾಲೆಗೆ ಒಯ್ಯುವ ಬಿಳಿ ಗೋಂದೇ ಅದಕ್ಕೆ ಸರಿ, ಒಣಗಿದ ಮೇಲೆ ಕಾಣುವುದೂ ಇಲ್ಲ. ಸೂಪರ್ ಗ್ಲೂ ಹಾಕಿದರೆ ಅದರ ಆವಿಗೆ ಒಳಗಿನಿಂದ ಮಬ್ಬು ಕವಿಯುತ್ತದೆ.

ಅಂಟು ಇಲ್ಲದ ಕಾರಣ ಪೂರ್ಣ ಪೆಟ್ಟಿಗೆಯ ಬೆಲೆಯಲ್ಲಿ 220 ರೂಪಾಯಿ ಇಳಿಸಿದ್ದೇವೆ. ನೀರಿನ ಬಣ್ಣ ಎನಾಮೆಲ್‌ಗಿಂತ ಶೀಶೆಗೆ ತುಸು ದುಬಾರಿ; ಆ ವ್ಯತ್ಯಾಸವನ್ನು ಈ ವರ್ಷ ನಾವೇ ಭರಿಸುತ್ತೇವೆ, ಮುಂದಿನ ವರ್ಷ ಬಹುಶಃ ಆಗಲಿಕ್ಕಿಲ್ಲ. ಈಗಾಗಲೇ ಹಣ ಕೊಟ್ಟು ಎನಾಮೆಲ್ ಅಥವಾ ಲ್ಯಾಕರ್‌ಗಾಗಿ ಕಾಯುತ್ತಿರುವವರಿಗೆ ಈ ವಾರವೇ ಕರೆ ಮಾಡುತ್ತೇವೆ. ಬದಲಿ ಬಣ್ಣ ಬೇಕೋ, ಹಣ ವಾಪಸು ಬೇಕೋ, ಇಲ್ಲವೇ ಯಾವತ್ತಾದರೂ ಬೆಂಗಳೂರಿಗೆ ಬಂದಾಗ ಒಯ್ಯುತ್ತೀರೋ, ನಿಮ್ಮಿಷ್ಟ. ಕೌಂಟರಿನಿಂದ ಕೊಂಡ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಮಾತ್ರ ನೇರ ವಿಮಾನ ಹತ್ತಬೇಡಿ, ದಯವಿಟ್ಟು. ನಿಯಮ ಅಲ್ಲೂ ಅದೇ.

ಇತಿ ತಮ್ಮ ವಿಶ್ವಾಸಿ,
ಅಂಗಡಿಯ ಎಲ್ಲರ ಪರವಾಗಿ

ತಾ.ಕ.: ಒಣಗಿಹೋದ, ಅರ್ಧ ಉಳಿದ ಎನಾಮೆಲ್ ಡಬ್ಬಿಗಳನ್ನು ಸಿಂಕಿಗೆ ಸುರಿಯಬೇಡಿ. ಬೆಂಗಳೂರಿನವರು ಮುಚ್ಚಳ ಬಿಗಿದು ಅಂಗಡಿಗೆ ತನ್ನಿ. ಚೆನ್ನಾಗಿರುವುದನ್ನು ಶನಿವಾರದ ಹಿರಿಯರಿಗಾಗಿ ತೆಗೆದಿಡುತ್ತೇವೆ. ಅವರು ಎಚ್‌ಎಎಲ್‌ನ ಮಾರುತ್ ವಿಮಾನವನ್ನು 1/72ರಲ್ಲಿ, ಸುಮಾರು ಒಂದು ಗೇಣಿನ ಉದ್ದಕ್ಕೆ, ಪ್ಲಾಸ್ಟಿಕ್ ಹಾಳೆಯಿಂದಲೇ ಕೊರೆದು ಮಾಡುತ್ತಿದ್ದಾರೆ. ಅದಕ್ಕೆ ಎನಾಮೆಲ್ ಬಿಟ್ಟು ಬೇರೇನನ್ನೂ ಹಚ್ಚುವುದಿಲ್ಲವಂತೆ.